ದೋಣಿ ತೆಗೆದು ಗೋಣಿ ಹಾಕಿದ್ದು

ನನ್ನ ಕಾದಂಬರಿ ‘ಅಟ್ಟದ ಲೆಕ್ಕ’ ಎರಡನೇ ಮುದ್ರಣಕ್ಕೆ ಹೋಗುತ್ತಿದೆ. ನಾಲ್ಕಾರು ಅಚ್ಚಿನ ತಪ್ಪು ತಿದ್ದಿದ್ದು ಬಿಟ್ಟರೆ ಒಳಗೆ ಏನೂ ಬದಲಾಗಿಲ್ಲ. ಬದಲಾಗಿರುವುದು ಮುಖಪುಟ. ಯಾಕೆ ಬದಲಾಯಿಸಿದಿರಿ, ಮೊದಲಿನದೇ ಚೆನ್ನಾಗಿತ್ತಲ್ಲ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಕಥೆ ತಿಪಟೂರು ಕಡೆಯದು. ಉಂಡೆ ಕೊಬ್ಬರಿ ಮಾಡುವ ಮನೆಯದು. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಹೆಚ್ಚು ಕಡಿಮೆ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಚೀಲ ತುಂಬಿ ಮಂಡಿಗೆ ಸಾಗಿಸುವುದು. ಮಗಳ ಮದುವೆ, ಆಸ್ಪತ್ರೆ ಖರ್ಚು, ಅಣ್ಣತಮ್ಮಂದಿರ ಜಗಳ ಎಲ್ಲಾ ಆ ಅಟ್ಟದ ಮೇಲೆ ಎಷ್ಟು ಕಾಯಿ ಇದೆ ಅನ್ನುವುದರ ಮೇಲೇ ನಡೆಯುವ ಊರು.

ಇಂಥ ಕಥೆಗೆ ಮೊದಲ ಮುದ್ರಣದಲ್ಲಿ ಬಂದ ಮುಖಪುಟ ಏನು ಗೊತ್ತಾ? ಹಿನ್ನೀರು, ದಡದಲ್ಲಿ ನೀರಿನ ಕಡೆ ಬಾಗಿದ ತೆಂಗಿನ ಮರಗಳು, ಮುಳುಗುತ್ತಿರುವ ಸೂರ್ಯ, ನಡುವೆ ಒಂದು ದೋಣಿ. ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟರೆ ಸಿಗುವ ಫೋಟೋ, ಕೇರಳದ್ದೇ ಇರಬೇಕು. ಪ್ರಕಾಶಕರನ್ನು ಕೇಳಿದೆ. ‘ತೆಂಗಿನ ಮರ ಇದೆಯಲ್ಲ ಮೇಡಂ, ಇನ್ನೇನು ಬೇಕು?’ ಅಂದರು. ಅಷ್ಟೊತ್ತಿಗೆ ಪುಸ್ತಕ ಬೈಂಡಿಂಗಿಗೂ ಹೋಗಿತ್ತು. ಊರಿಗೆ ಒಂದು ಪ್ರತಿ ಒಯ್ದು ದೊಡ್ಡಪ್ಪನ ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿ, ‘ಅಲ್ಲ ಕಣಮ್ಮ, ನಮ್ಮೂರಿಗೆ ದೋಣಿ ಯಾವಾಗ ಬಂತು?’ ಅಂದರು.

ಊರು ತಪ್ಪಾಗಿದ್ದು ಎಲ್ಲರಿಗೂ ಕಾಣುವ ತಪ್ಪು. ನನಗೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ. ಆ ಚಿತ್ರ ಮಾತಾಡುವ ಧಾಟಿಗೂ ನಾನು ಬರೆಯುವ ಧಾಟಿಗೂ ಸಂಬಂಧವೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಸೂರ್ಯ ಮುಳುಗಿದರೆ ‘ಕತ್ತಲಾಯಿತು, ಕಾಯಿ ಸುಲಿಯುವವರು ಕೂಲಿ ಕೇಳಿದರು’ ಅಂತ ಮುಗಿದುಹೋಗುತ್ತದೆ. ಮುಖಪುಟ ನೋಡಿ ಏನೋ ಮಧುರವಾದದ್ದು ಇರುತ್ತದೆ ಅಂತ ಕೊಂಡವರು ಮೂರನೇ ಪುಟಕ್ಕೇ ಬಡ್ಡಿ ಲೆಕ್ಕಕ್ಕೆ ಸಿಕ್ಕಿಹಾಕಿಕೊಂಡರು. ದೋಣಿ ನೋಡಿಯೇ ಕೊಂಡೆ ಅಂತ ಒಬ್ಬರು ಬರೆದಿದ್ದರು. ಪೂರ್ತಿ ಓದಿದೆ ಅಂತ ಮಾತ್ರ ಬರೆದಿರಲಿಲ್ಲ, ಪಾಪ.

ಈ ಸಲ ಮುಖಪುಟ ನನ್ನ ಶೈಲಿಯಲ್ಲಿ ಇರಬೇಕು ಅಂದಾಗ ಪ್ರಕಾಶಕರು ಒಪ್ಪಿದರು, ಆದರೆ ಅವರಿಗೆ ಅರ್ಥವಾಗಿದ್ದು ಬೇರೆ. ‘ನಿಮಗೆ ಯಾವ ಕಲರ್ ಇಷ್ಟ ಹೇಳಿ, ನಿಮ್ಮ ಒಂದು ಒಳ್ಳೆ ಫೋಟೋ ಕಳಿಸಿ’ ಅಂದರು. ನನಗೆ ಮೆರೂನ್ ಸೀರೆ ಇಷ್ಟ. ಅದಕ್ಕೂ ಈ ಕಾದಂಬರಿಗೂ ಏನು ಸಂಬಂಧ? ಬರೆದವರ ಶೈಲಿ ಅಂದರೆ ಅವರ ವಾಕ್ಯ ತಾನೇ. ಎಲ್ಲಿ ಮಾತು ನಿಲ್ಲಿಸುತ್ತಾರೆ, ಯಾವುದನ್ನು ಹೇಳದೆ ಬಿಡುತ್ತಾರೆ, ಅದು. ಬೀರು ತೆಗೆದರೆ ಸಿಗುವಂಥದ್ದಲ್ಲ.

ಸದ್ಯ, ಸಿಕ್ಕಿದ ವಿನ್ಯಾಸಗಾರ್ತಿ ಒಳ್ಳೆಯವಳು. ಪುಸ್ತಕ ಪೂರ್ತಿ ಓದಿದಳು. ಇದೇನು ದೊಡ್ಡ ವಿಷಯ ಅನ್ನಬೇಡಿ. ಕನ್ನಡದಲ್ಲಿ ಒಂದು ಮುಖಪುಟಕ್ಕೆ ಸಿಗುವ ದುಡ್ಡಿಗೆ ಕಾದಂಬರಿ ಓದಿ ಅಂತ ಕೇಳಲು ನಮಗೇ ನಾಚಿಕೆಯಾಗಬೇಕು, ಹಿಂಬದಿಯ ನಾಲ್ಕು ಸಾಲು ಓದಿ ಚಿತ್ರ ಹುಡುಕುವವರನ್ನು ನಾನು ಬೈಯುವುದಿಲ್ಲ. ಇವಳು ಓದಿ ಬಂದು, ‘ಅಕ್ಕಾ, ಇಡೀ ಪುಸ್ತಕದಲ್ಲಿ ನೀವು ಹೆಸರಿಟ್ಟು ಹೇಳಿರೋ ಬಣ್ಣ ಒಂದೇ. ಚೀಲದ ಮೇಲಿನ ನೀಲಿ’ ಅಂದಳು. ಬರೆದ ನನಗೇ ಅದು ಗೊತ್ತಿರಲಿಲ್ಲ. ಹೋಗಿ ಹುಡುಕಿ ನೋಡಿದೆ. ನಿಜ.

ಮಂಡಿಗೆ ಬರುವ ಚೀಲದ ಮೇಲೆ ಯಾರ ಮಾಲು ಅಂತ ಮಾರ್ಕು ಹಾಕುತ್ತಾರೆ. ಕೆಲವರದ್ದು ತಗಡಿನ ಅಚ್ಚು, ನಮ್ಮ ದೊಡ್ಡಪ್ಪನ ಮಂಡಿಯಲ್ಲಿ ಕೈಬರಹ. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ನೀಲಿಯಲ್ಲಿ ಅದ್ದಿ ಬರೆಯುವುದು. ಗೋಣಿಯ ಎಳೆಗಳ ಮೇಲೆ ನಾಜೂಕು ನಡೆಯುವುದಿಲ್ಲ. ತಲೆಕಟ್ಟಿನ ಕೊಂಡಿ ಬರೆಯುತ್ತಾ ಕೂತರೆ ಬಣ್ಣ ಹರಡುತ್ತದೆ, ಅದಕ್ಕೆ ಒಂದೇ ಗೀರು ಎಳೆದು ಮುಂದೆ ಹೋಗುತ್ತಾರೆ. ದುಂಡಗಿರಬೇಕಾದ್ದು ಮೂಲೆ ಮೂಲೆಯಾಗುತ್ತದೆ. ಚೆಂದಕ್ಕೆ ಬರೆದದ್ದಲ್ಲ, ಲಾರಿ ಹೊರಡುವುದರೊಳಗೆ ಮುಗಿಸಬೇಕು ಅಂತ ಬರೆದದ್ದು. ನನ್ನ ಬರವಣಿಗೆಯೂ ಹಾಗೇ ಇರಲಿ ಅಂತ ನನಗೆ ಆಸೆ.

ಮೊದಲು ಖಾತೆ ಪುಸ್ತಕದ ಹಾಗೆ ಮಾಡಿ ನೋಡಿದ್ದೆವು. ಕೆಂಪು ಬಟ್ಟೆಯ ರಟ್ಟು, ಒಳಗೆ ಗೆರೆ. ಚೆನ್ನಾಗಿಯೇ ಇತ್ತು, ತೀರಾ ಚೆನ್ನಾಗಿತ್ತು. ಉಡುಗೊರೆ ಕೊಡುವ ಸಾಮಾನಿನ ಹಾಗೆ ಕಾಣುತ್ತಿತ್ತು. ಬಿಟ್ಟೆವು.

ಕೊನೆಗೆ ಚೀಲದ ಮೇಲಿನ ಆ ನೀಲಿ ಬರಹವನ್ನೇ ಮುಖಪುಟ ಮಾಡೋಣ ಅಂತಾಯಿತು. ಅಕ್ಷರ ನಾನೇ ಬರೆದೆ. ತಾರಸಿಯಲ್ಲಿ ಖಾಲಿ ಚೀಲ ಹಾಸಿ, ಕಡ್ಡಿಗೆ ಹಳೇ ಪಂಚೆ ಸುತ್ತಿಕೊಂಡು ಕೂತೆ. ‘ಅಟ್ಟದ’ ಮೇಲೆ, ‘ಲೆಕ್ಕ’ ಕೆಳಗೆ. ಕನ್ನಡದಲ್ಲಿ ಎರಡು ಸಾಲಿನ ಶೀರ್ಷಿಕೆ ಅಂದರೆ ಒತ್ತಕ್ಷರದ ಜೊತೆ ಕುಸ್ತಿ. ಫಾಂಟಿನಲ್ಲಿ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗಬಾರದು ಅಂತ ನಡುವೆ ಅಷ್ಟಗಲ ಜಾಗ ಬಿಡಬೇಕು, ಆಗ ಎರಡು ಪದ ಎರಡು ಊರಿನವರ ಹಾಗೆ ದೂರ ನಿಲ್ಲುತ್ತವೆ. ಕೈಯಲ್ಲಿ ಬರೆದರೆ ಆ ತೊಂದರೆ ಇಲ್ಲ. ‘ಟ್ಟ’ದ ಒತ್ತನ್ನು ಕೆಳಗಿನ ‘ಲೆ’ ಮತ್ತು ‘ಕ್ಕ’ ನಡುವಿನ ಸಂದಿಗೆ ಇಳಿಬಿಟ್ಟೆ. ಎರಡು ಸಾಲೂ ಗಟ್ಟಿಯಾಗಿ ಕೂತವು. ಒಂದು ಕಡೆ ಗೋಣಿಯ ಎಳೆ ಎದ್ದಿತ್ತು, ಅಲ್ಲಿ ‘ದ’ ಹೊಟ್ಟೆ ಹರಿದಂತೆ ಬಂತು. ಹಾಗೇ ಇರಲಿ ಅಂದೆ.

ಅದನ್ನು ಫೋಟೋ ತೆಗೆದು ಅವಳು ಕಂಪ್ಯೂಟರಿನಲ್ಲಿ ಟ್ರೇಸ್ ಮಾಡಿದಳು. ಮೊದಲ ಸಲ ಅಂಚನ್ನೆಲ್ಲಾ ನುಣ್ಣಗೆ ಮಾಡಿ ಕಳಿಸಿದ್ದಳು, ಅಭ್ಯಾಸಬಲ. ಒರಟನ್ನೆಲ್ಲಾ ವಾಪಸ್ ತರಿಸಿದೆ. ಹಿನ್ನೆಲೆಗೆ ನಿಜವಾದ ಗೋಣಿಯ ಫೋಟೋ ಹಾಕೋಣವಾ ಅಂದಳು. ಬೇಡ ಅಂದೆ. ಅಕ್ಷರದ ಅಂಚೇ ಗೋಣಿ ಅಂತ ಹೇಳುತ್ತಿರುವಾಗ ಮತ್ತೆ ಚಿತ್ರ ಯಾಕೆ, ಗೋಣಿಯ ಬಣ್ಣ ಒಂದಿದ್ದರೆ ಸಾಕು ಅಲ್ವಾ? ಲೇಖಕಿಯ ಹೆಸರು ಮಾತ್ರ ಸಾದಾ ಯೂನಿಕೋಡ್ ಫಾಂಟಿನಲ್ಲಿದೆ. (ನೀವೇ ಹಳೇ ಆವೃತ್ತಿಯ ಫೋಟೋಶಾಪಿನಲ್ಲಿ ಮಾಡುವವರಿದ್ದರೆ, ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತದೆ. ಹಾಗೆ ಒಡೆದ ಹೆಸರು ಹೊತ್ತ ಫ್ಲೆಕ್ಸು ಊರ ತುಂಬಾ ಇವೆ.)

ಪುಸ್ತಕದ ಬೆನ್ನಿನ, ಅಂದರೆ ಹಾಳೆಗಳನ್ನು ಅಂಟಿಸಿದ ಬದಿಯ, ಕಷ್ಟ ಬೇರೆ. ಪುಸ್ತಕ ಡೆಮಿ 1/8 ಅಳತೆ (ಕಾದಂಬರಿಗಳ ಮಾಮೂಲಿ ಗಾತ್ರ), 216 ಪುಟ, ಅಂದರೆ 108 ಹಾಳೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದಕ್ಕೆ ಬೆನ್ನು ಸುಮಾರು ಒಂದು ಸೆಂಟಿಮೀಟರ್ ಬರುತ್ತದೆ. ಅಷ್ಟರಲ್ಲಿ ಒತ್ತಿಗೂ ಜಾಗ ಕೊಡಬೇಕು, ಹಾಗಾಗಿ ಮುಖ್ಯ ಅಕ್ಷರ ಪುಟ್ಟದಾಗಿಬಿಡುತ್ತದೆ. ಕಪಾಟಿನಲ್ಲಿ ಕಾಣುವುದು ಬೆನ್ನು ಮಾತ್ರ. ಇಲ್ಲಿ ದಪ್ಪ ಕಡ್ಡಿಯ ಬರಹ ನಮ್ಮನ್ನು ಕಾಪಾಡಿತು. ಮೊಬೈಲಿನಲ್ಲಿ ಉಗುರಿನಷ್ಟು ಕಾಣುವಾಗಲೂ ಅದೇ. ತೆಳ್ಳಗಿನ ಅಕ್ಷರ ಇದ್ದಿದ್ದರೆ ಮಾಯವಾಗುತ್ತಿತ್ತು.

ಬಣ್ಣ ಎರಡೇ ಆಗಿದ್ದರಿಂದ ಪ್ರಕಾಶಕರಿಗೆ ಖುಷಿ. ಆಫ್‌ಸೆಟ್ಟಿನಲ್ಲಿ ಬಣ್ಣಕ್ಕೊಂದು ಪ್ಲೇಟು, ಬಣ್ಣದ ಫೋಟೋಗೆ ಬೇಕಾಗುವ ನಾಲ್ಕರ ಜಾಗದಲ್ಲಿ ಎರಡು ಸಾಕು. ದುಡ್ಡಿನ ಈ ಮಾತು ಬಂದಾಗಲೆಲ್ಲಾ ನನಗೆ ಇಂಗ್ಲಿಷ್ ಲೇಖಕ ಟೋಲ್ಕಿನ್ ನೆನಪಾಗುತ್ತಾರೆ. 1937ರಲ್ಲಿ ‘ದಿ ಹಾಬಿಟ್’ ಪುಸ್ತಕಕ್ಕೆ ಹೊದಿಕೆಯ ಚಿತ್ರ ಅವರೇ ಬರೆದಿದ್ದರು. ಸೂರ್ಯ ಕೆಂಪಗಿರಲಿ ಅಂತ ಅವರ ಆಸೆ. ಖರ್ಚು ಜಾಸ್ತಿಯಾಗುತ್ತದೆ ಅಂತ ಪ್ರಕಾಶಕರು ಕೆಂಪು ಬೇಡವೆಂದರು. ನಮ್ಮ ಶಿವರಾಮ ಕಾರಂತರಂತೂ 1930–40ರ ದಶಕಗಳಲ್ಲಿ ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿಸಿ ಕೈ ಸುಟ್ಟುಕೊಂಡವರು. ನನಗೆ ಅಷ್ಟು ಧೈರ್ಯ ಇಲ್ಲ. ಎರಡು ಬಣ್ಣದಲ್ಲಿ ಕೆಲಸ ಆಗುವ ಹಾಗಿದ್ದರೆ ಆಗಲಿ.

ಮೇಲೆ ಮ್ಯಾಟ್ ಲ್ಯಾಮಿನೇಷನ್, ಹೊಳಪಿಲ್ಲದ ತೆಳು ಪ್ಲಾಸ್ಟಿಕ್ ಪದರ. ಅದು ಬಣ್ಣವನ್ನು ಒಂದು ಚೂರು ಮಂಕು ಮಾಡುತ್ತದೆ, ಅದಕ್ಕೆ ಪ್ರೆಸ್ಸಿನಲ್ಲಿ ನೀಲಿಯನ್ನು ಸ್ವಲ್ಪ ಗಾಢವಾಗಿಯೇ ಕಲಸಿದ್ದಾರೆ. ಶೀರ್ಷಿಕೆಗೆ ಚಿನ್ನದ ಫಾಯಿಲ್ ಹಾಕಿದರೆ ರಿಚ್ ಆಗಿ ಕಾಣುತ್ತದೆ ಅಂತ ಪ್ರಕಾಶಕರು ಕೊನೆಯವರೆಗೂ ಆಸೆಪಟ್ಟರು. ಕೊಬ್ಬರಿ ಚೀಲದ ಮೇಲೆ ಚಿನ್ನ!

ಹಿಂಬದಿಯಲ್ಲಿ ಹಿರಿಯರೊಬ್ಬರ ಬೆನ್ನುಡಿ ಇತ್ತು, ಜೊತೆಗೆ ನನ್ನ ಫೋಟೋ. ಬೆನ್ನುಡಿಯನ್ನು ಅವರ ಒಪ್ಪಿಗೆ ಕೇಳಿಯೇ ಒಳಗಿನ ಪುಟಕ್ಕೆ ತಂದೆ, ಫೋಟೋ ತೆಗೆಸಿದೆ. ಈಗ ಅಲ್ಲಿರುವುದು ಕಾದಂಬರಿಯದೇ ಒಂದು ಪ್ಯಾರಾ, ಬಡ್ಡಿ ಲೆಕ್ಕದ್ದು. ತಿರುಗಿಸಿ ನೋಡಿದವರು ಏನು ಕೊಳ್ಳುತ್ತಿದ್ದೇವೆ ಅಂತ ತಿಳಿದೇ ಕೊಳ್ಳಲಿ.

ಪುಸ್ತಕದ ಗುರುತಿನ ನಂಬರ್ ಐಎಸ್‌ಬಿಎನ್ ಹಳೆಯದೇ. ಒಳಗಿನದು ಅದೇ ಇದ್ದು ಮುಖಪುಟ ಮಾತ್ರ ಬದಲಾದರೆ ಹೊಸ ನಂಬರ್ ಬೇಕಿಲ್ಲ. ಹಾಗಾಗಿ ಆನ್‌ಲೈನ್ ಅಂಗಡಿಗಳಲ್ಲಿ ಇನ್ನೂ ಸ್ವಲ್ಪ ಕಾಲ ಹಳೇ ಚಿತ್ರವೇ ಕಾಣಬಹುದು, ಗಾಬರಿಯಾಗಬೇಡಿ. ಇನ್ನೊಂದು ವಿಷಯಕ್ಕೆ ಮಾತ್ರ ಹಟ ಹಿಡಿದೆ. ಮುಖಪುಟ ಮಾಡಿದವರ ಹೆಸರನ್ನು ಒಳಗೆಲ್ಲೋ ಇರುವೆಯಷ್ಟು ಅಕ್ಷರದಲ್ಲಿ ಹಾಕುವುದು ರೂಢಿ. ಈ ಸಲ ಅವಳ ಹೆಸರು ಹಿಂಬದಿಯಲ್ಲಿ, ಬೆಲೆಯ ಪಕ್ಕದಲ್ಲೇ ಇದೆ. ಕನ್ನಡಕ ಇಲ್ಲದೆ ಓದಬಹುದು.