ಮಧ್ಯಯುಗದ ಸಲಾಡ್‌ಗೆ ಟೊಮೆಟೊ ಯಾಕೆ ಹಾಕಲ್ಲ?

ಯುರೋಪಿನ ಹಳೇ ಕಾಲದ ಅಡುಗೆ ಮಾಡುತ್ತೇನೆ ಅಂದರೆ ಸಾಕು, ಎಲ್ಲರೂ ಕೇಳುತ್ತಾರೆ: "ಆಗಲೂ ಹಸಿ ಸೊಪ್ಪು ತಿನ್ನುತ್ತಿದ್ದರಾ? ಅವರ ಸಲಾಡ್‌ಗೂ ಈಗಿನದಕ್ಕೂ ಏನು ವ್ಯತ್ಯಾಸ?"

ತಿನ್ನುತ್ತಿದ್ದರು. ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್‌ನ ಬಾಣಸಿಗರು 1390ರ ಸುಮಾರಿಗೆ ಸಿದ್ಧಪಡಿಸಿದ 'ಫಾರ್ಮ್ ಆಫ್ ಕ್ಯೂರಿ' ಎಂಬ ಅಡುಗೆ ಪುಸ್ತಕದಲ್ಲೇ ಸಲಾಡ್ ಇದೆ. ಪಾರ್ಸ್ಲಿ, ಸೇಜ್, ಬೆಳ್ಳುಳ್ಳಿ, ಲೀಕ್ (ಈರುಳ್ಳಿ ಜಾತಿಯದು), ಬೋರೇಜ್ ಎಂಬ ಸೊಪ್ಪು, ಪುದೀನ, ಫೆನೆಲ್ (ಸೋಂಪಿನ ಜಾತಿಯ ಸೊಪ್ಪು), ನಾಗದಾಳಿ (ಇಂಗ್ಲಿಷಿನ ರೂ), ರೋಸ್‌ಮೇರಿ, ಗೋಣಿ ಸೊಪ್ಪು ಹೀಗೆ ಪಟ್ಟಿ ಬೆಳೆಯುತ್ತದೆ. ತೊಳೆದು, ಹಸನು ಮಾಡಿ, ಕೈಯಲ್ಲೇ ಸಣ್ಣಗೆ ಚಿವುಟಿ, ಹಸಿ ಎಣ್ಣೆ ಬೆರೆಸಿ, ಮೇಲೆ ವಿನೆಗರ್, ಉಪ್ಪು. ಅಷ್ಟೇ.

ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಅಮೆರಿಕದಿಂದ ಬಂದವು. 1492ಕ್ಕೆ ಮೊದಲು ಯುರೋಪಿನಲ್ಲಿ ಇರಲಿಲ್ಲ. ಮೇಯನೇಸ್ ಇನ್ನೂ ಈಚಿನದು. ಆದರೆ ನಿಜವಾದ ವ್ಯತ್ಯಾಸ ಇದಲ್ಲ. ನಾವು ಕೊನೆಗೆ ಮೇಲೆ ಉದುರಿಸುವ ಸೊಪ್ಪೇ ಅಲ್ಲಿ ಇಡೀ ಸಲಾಡ್. ತರಕಾರಿ ಹೋಳು ಇಲ್ಲ. ಒಂದು ತುತ್ತಿನಲ್ಲಿ ಪುದೀನದ ತಂಪು, ಮುಂದಿನದರಲ್ಲಿ ಹಸಿ ಬೆಳ್ಳುಳ್ಳಿಯ ಖಾರ, ಆಮೇಲೆ ನಾಗದಾಳಿಯ ಕಹಿ. ಖಾರ ಜಾಸ್ತಿಯಾಯಿತೆಂದು ಸೌತೆಕಾಯಿ ಸೇರಿಸಿ ತಣ್ಣಗೆ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಆ ರುಚಿಗಾಗಿಯೇ ಅಲ್ಲವೇ ಇಷ್ಟು ಕಷ್ಟಪಡುವುದು!

ಮೂಲದಲ್ಲಿ ಅಳತೆ ಕೊಟ್ಟಿಲ್ಲ. ಹಾಗಾಗಿ ಹದ ನಮ್ಮದೇ. ಪಾರ್ಸ್ಲಿ, ಗೋಣಿ ಸೊಪ್ಪು ಧಾರಾಳವಾಗಿರಲಿ. ಸೇಜ್ ಎರಡು ಮೂರು ಎಲೆ, ರೋಸ್‌ಮೇರಿಯ ಎಳೆ ತುದಿ ಮಾತ್ರ. ನಾಗದಾಳಿ ಬಸುರಿಯರಿಗೆ ಅಪಾಯ, ಬಡಿಸುವ ಮೊದಲು ವಿಚಾರಿಸಿ, ಬಿಟ್ಟರೂ ನಷ್ಟವಿಲ್ಲ. ತೊಳೆದ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು, ನೀರಿದ್ದರೆ ಎಣ್ಣೆ ಹಿಡಿಯುವುದಿಲ್ಲ. ಎಣ್ಣೆ ಬೆರೆಸಿ ಆದಮೇಲೆಯೇ ವಿನೆಗರ್.

ಆಗಿನ ವೈದ್ಯರಿಗೂ ಆಹಾರದಲ್ಲಿ ಉಷ್ಣ, ಶೀತದ ಲೆಕ್ಕ ಇತ್ತು, ನಮ್ಮ ಅಜ್ಜಿಯರ ಹಾಗೆ. ಲೆಟ್ಯೂಸ್ ಶೀತ, ಬೆಳ್ಳುಳ್ಳಿ ಉಷ್ಣ. ಆ ಕಣ್ಣಿನಿಂದ ನೋಡಿದರೆ ಖಾರದ ಸೊಪ್ಪಿನ ಜೊತೆ ತಂಪಿನ ಗೋಣಿ ಸೊಪ್ಪು ಇರುವುದು ಸರಿಯೆನಿಸುತ್ತದೆ.

ಪಟ್ಟಿಯಲ್ಲಿ ನನಗೆ ತೀರಾ ಇಷ್ಟ ಈ ಗೋಣಿ ಸೊಪ್ಪೇ. ನಮ್ಮ ಹೊಲಗಳಲ್ಲಿ ಕಳೆಯಾಗಿ ಹಬ್ಬುತ್ತದೆ, ಕಿತ್ತು ಸಾರಿಗೆ ಹಾಕುತ್ತೇವೆ. ಹಸಿಯಾಗಿ ತಿಂದು ನೋಡಿ: ದಪ್ಪ ಎಲೆ, ಸಣ್ಣ ಹುಳಿ, ಕಚ್ಚಿದರೆ ತುಸು ಲೋಳೆ. ಎಳೆ ಕುಡಿಗಳನ್ನೇ ಆರಿಸಿ, ಬುಡದ ಮಣ್ಣು ಹೋಗುವವರೆಗೆ ನೀರು ಬದಲಿಸುತ್ತಾ ತೊಳೆಯಿರಿ.