ಖಾಲಿ ಪೆಟ್ಟಿಗೆ

ನಮ್ಮೂರ ಚರ್ಚಿನ ಬೆಳೆ ಹಬ್ಬದಲ್ಲಿ ಒಂದು ಕೋಳಿಮೊಟ್ಟೆ 700 ರೂಪಾಯಿಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ನನಗೆ ಹತ್ತು ವರ್ಷ. ಒಂದೇ ಸಲಕ್ಕೆ ಅಲ್ಲ, ತೆಗೆದುಕೊಂಡವರು "ಮತ್ತೆ ಏಲಂಗೆ ಹಾಕಿ" ಅಂತ ವಾಪಸ್ ಕೊಡುತ್ತಾ ಹೋಗಿ, ನಾಲ್ಕು ಸಲ ಮಾರಿ, ಒಟ್ಟು 700. ಕೊನೆಗೆ ತೆಗೆದುಕೊಂಡವರು ನಮ್ಮ ಅಪ್ಪ. ಅಂಗಿಯ ಕಿಸೆಯಲ್ಲಿಟ್ಟು, ದಾರಿಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸುತ್ತಾ ಮನೆಗೆ ತಂದರು. ಅಮ್ಮ ಅದನ್ನು ಆಚೆ ಈಚೆ ತಿರುಗಿಸಿ ನೋಡಿ, "ಬೇಯಿಸಲಾ, ಇಲ್ಲ ಫ್ರೇಮ್ ಹಾಕಿಸಲಾ?" ಅಂದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮದು ಉಡುಪಿ ಹತ್ತಿರದ ಊರು, ಬಾಸೆಲ್ ಮಿಷನ್ ಅಂತ ಯುರೋಪಿನಿಂದ ಬಂದ ಕ್ರೈಸ್ತ ಸಂಸ್ಥೆಯ ಕಾಲದ ಸಭೆ (ಚರ್ಚಿಗೆ ಸೇರಿದವರ ಬಳಗ), ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಿನ ಹೊತ್ತಿಗೆ ಒಂದು ಭಾನುವಾರ ಬೆಳೆ ಹಬ್ಬ. ಪ್ರತಿ ಮನೆಯವರೂ ಮೊದಲ ಫಲ ಅಂತ ಏನಾದರೂ ತಂದು ಆಲ್ಟರ್ (ಆರಾಧನೆಯ ವೇದಿ) ಮುಂದೆ ಇಡುತ್ತಾರೆ. ಬಾಳೆಗೊನೆ, ಬೂದುಗುಂಬಳ, ಬಸಳೆ ಕಟ್ಟು, ತೆಂಗಿನಕಾಯಿ, ಕಾಲು ಕಟ್ಟಿದ ಊರ ಕೋಳಿ. ಪಾದ್ರಿಗಳ ಪ್ರಸಂಗದ ನಡುವೆ ಸರಿಯಾಗಿ ಕೂಗುವುದು ಇದೇ ಕೋಳಿ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಅಂಗಳಕ್ಕೆ ತಂದು ಏಲಂ ಹಾಕುತ್ತಾರೆ, ಆ ದುಡ್ಡು ಸಭೆಗೆ. ಬೆಳೆ ಹಬ್ಬ ಅಂತ ಹೆಸರಿದ್ದರೂ ನಮ್ಮ ಸಭೆಯಲ್ಲಿ ಗದ್ದೆ ಇದ್ದವರು ಕಡಿಮೆ. ಹಿಂದೆ ಕ್ರೈಸ್ತರಾದವರಿಗೆ ಎಷ್ಟೋ ಸಲ ಮನೆ, ಕುಲಕಸುಬು ಎರಡೂ ತಪ್ಪುತ್ತಿತ್ತು. ಮಿಷನ್‌ನವರು ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಅವರಿಗೆ ಕೆಲಸ ಬೇಕಿತ್ತು ಅಂತಲೂ ಹೌದು. ನನ್ನ ಮುತ್ತಜ್ಜ ಹಂಚು ಸುಟ್ಟವರು. ಹಂಚನ್ನು ಆಲ್ಟರ್ ಮುಂದೆ ಇಡಲಾಗುತ್ತದಾ? ಹಾಗಾಗಿ ಹಿತ್ತಿಲಲ್ಲಿ ಏನಿತ್ತೋ ಅದು.

ಆ ಮೊಟ್ಟೆ ತಂದದ್ದು ಒಬ್ಬಂಟಿ ಅಜ್ಜಿ. ಒಡೆಯದಿರಲಿ ಅಂತ ಸ್ಟೀಲ್ ಲೋಟದಲ್ಲಿ ಉಮಿ ತುಂಬಿ, ಅದರ ಮೇಲೆ ಮೊಟ್ಟೆ ಇಟ್ಟು, ಸೆರಗು ಮುಚ್ಚಿಕೊಂಡು ತಂದಿದ್ದರು. ಏಲಂ ಆಗುವ ಹೊತ್ತಿಗೆ ಅವರು ಅಲ್ಲಿ ಇರಲೇ ಇಲ್ಲ. ಮೊಟ್ಟೆ ಎಷ್ಟಕ್ಕೆ ಹೋಯಿತು ಅಂತ ನೋಡಲು ನಿಲ್ಲದೆ ಮನೆಗೆ ಹೋಗಿದ್ದರು. ಇದು ನನಗೆ ನೆನಪಾದದ್ದು ಮೊನ್ನೆ ಅಕ್ಟೋಬರ್‌ನಲ್ಲಿ, ಜರ್ಮನಿಯ ಸ್ಟುಟ್ಗಾರ್ಟ್ ಹತ್ತಿರದ ಒಂದು ಬಸ್ ಸ್ಟಾಪಿನಲ್ಲಿ.

ನಾವು ಇಲ್ಲಿಗೆ ಬಂದು ಏಳು ವರ್ಷ. ಬಂದ ಹೊಸದರಲ್ಲಿ ಇಲ್ಲಿನ ಬೆಳೆ ಹಬ್ಬ ನೋಡಿ ಬೆರಗಾಗಿದ್ದೆ. ಎರ್ನ್‌ಟೆಡಾಂಕ್ ಅಂತಾರೆ, ಹೆಚ್ಚಾಗಿ ಅಕ್ಟೋಬರ್ ಮೊದಲ ಭಾನುವಾರ. ಆಲ್ಟರ್ ಮುಂದೆ ಕುಂಬಳಕಾಯಿ, ಆಲೂಗಡ್ಡೆ, ಸೇಬು, ದೊಡ್ಡದೊಂದು ಬ್ರೆಡ್, ಗೋಧಿ ತೆನೆಯ ಕಿರೀಟ. ಅರೆ, ನಮ್ಮದೇ ಹಬ್ಬ ಅಲ್ವಾ ಇದು! ನಮ್ಮ ಕಡೆಗೆ ಬಂದ ಮಿಷನರಿಗಳಲ್ಲಿ ಬಹಳ ಜನ ಈ ವುರ್ಟೆಂಬರ್ಗ್ ಸೀಮೆಯವರು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ನಮ್ಮಿಂದ ಉತ್ತರಕ್ಕೆ ಸ್ವಲ್ಪ ದೂರ. ನಿಘಂಟಿನ ಕಿಟ್ಟೆಲ್ ತೀರಿಕೊಂಡ ಟ್ಯೂಬಿಂಗನ್ ದಕ್ಷಿಣಕ್ಕೆ. ಎರಡೂ ಕಡೆ ಹೋಗಿ ಫೋಟೋ ತೆಗೆದುಕೊಂಡು ಊರಿಗೆ ಕಳಿಸಿದ್ದೇನೆ, ಇರಲಿ.

ಆದರೆ ಇಲ್ಲಿ ಏಲಂ ಇಲ್ಲ. ಕೋಳಿಯೂ ಇಲ್ಲ. ನಮ್ಮ ಚರ್ಚಿನಲ್ಲಿ ಇಟ್ಟದ್ದನ್ನೆಲ್ಲ ಮರುದಿನ ಟಾಫೆಲ್‌ಗೆ ಕೊಟ್ಟುಬಿಡುತ್ತಾರೆ. ಟಾಫೆಲ್ ಅಂದರೆ ಕೈ ಸೋತವರಿಗೆ ಕಡಿಮೆ ಬೆಲೆಗೆ ಅಥವಾ ಸುಮ್ನೆ ದಿನಸಿ ಸಿಗುವ ಜಾಗ. ನನಗೆ ಇದು ಸಪ್ಪೆ ಅನಿಸಿತು. ಅದಕ್ಕೆ ನಮ್ಮ ಮನೆಯಲ್ಲೇ ಏಲಂ ಶುರು ಮಾಡಿದೆ. ಸುತ್ತಮುತ್ತಲ ಆರೇಳು ಕನ್ನಡ ಕುಟುಂಬಗಳು, ಕ್ರೈಸ್ತರಲ್ಲದವರೂ ಇದ್ದಾರೆ, ಕುಂಡದಲ್ಲಿ ಬೆಳೆದ ಮೆಣಸಿನಕಾಯಿ, ಹಾಕಿದ ಉಪ್ಪಿನಕಾಯಿ, ಊರಿಂದ ತಂದ ಹಪ್ಪಳ ಹಿಡಿದು ಬರುತ್ತಾರೆ. ಕೂಗುವವನು ನಾನೇ. ಒಂದು ಸಲ, ಎರಡು ಸಲ! ಕೊನೆಯ ಸವಾಲೂ ಹೆಚ್ಚಾಗಿ ನಂದೇ. ದುಡ್ಡು ಊರ ಸಭೆಗೆ ಹೋಗುತ್ತದೆ, ಅಲ್ಲಿ ಆರಾಧನೆಯಲ್ಲಿ ನನ್ನ ಹೆಸರು ಓದುತ್ತಾರೆ, ಅಮ್ಮ ಫೋನ್ ಮಾಡಿ ಹೇಳುತ್ತಾರೆ. ಅಪ್ಪನ ಕಿಸೆಯ ಮೊಟ್ಟೆಗೆ ನಗುತ್ತಿದ್ದವನು ನಾನು.

ಹೋದ ಆಗಸ್ಟ್‌ನಲ್ಲಿ ನನ್ನ ಕೆಲಸ ಹೋಯಿತು. ಕಾರಿನ ಬಿಡಿಭಾಗ ಮಾಡುವ ಕಂಪನಿ, ಇಡೀ ವಿಭಾಗವನ್ನೇ ಮುಚ್ಚಿದರು. ಹೊಟ್ಟೆಗಿಲ್ಲದ ಪರಿಸ್ಥಿತಿ ಏನಲ್ಲ, ಸುಳ್ಳು ಹೇಳಬಾರದು. ಮಗು ಇರುವವರಿಗೆ ಕೈಗೆ ಬರುತ್ತಿದ್ದ ಸಂಬಳದ ಸುಮಾರು 67% ನಿರುದ್ಯೋಗ ವಿಮೆಯಿಂದ ಬರುತ್ತದೆ, ಸ್ವಲ್ಪ ಕಾಲ. ಆದರೆ ಬಾಡಿಗೆ ಹಾಗೇ ಇದೆ. ನಾನು ಕನ್ನಡದ ಗೆಳೆಯರಿಗೆ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ದೇವರ ಮೇಲೆ ಭರವಸೆ ಇಡಿ ಅಂತ ಬೇರೆಯವರಿಗೆ ಎಷ್ಟು ಸಲ ಹೇಳಿದ್ದೆನೋ. ನನ್ನ ಭರವಸೆ ಇದ್ದದ್ದು ತಿಂಗಳ ಕೊನೆಗೆ ಬರುವ ಸಂಬಳದ ಮೇಲೆ ಅಂತ ಆ ಎರಡು ತಿಂಗಳಲ್ಲಿ ಚೆನ್ನಾಗಿ ಗೊತ್ತಾಯಿತು. ರಾತ್ರಿ ಪ್ರಾರ್ಥನೆಗೆ ಕೂತರೆ ಬಾಯಲ್ಲಿ ಬರುತ್ತಿದ್ದದ್ದು ಲೆಕ್ಕ.

ಹಬ್ಬದ ದಿನ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಓದಿದರು. ಮೊದಲ ಫಲದ ಬುಟ್ಟಿ ತಂದವನು ಒಂದು ಮಾತು ಹೇಳಬೇಕು ಅಂತ ಅಲ್ಲಿದೆ: ನನ್ನ ಮೂಲಪುರುಷ ಗತಿಯಿಲ್ಲದೆ ಅಲೆಯುತ್ತಿದ್ದವನು, ಪರದೇಶದಲ್ಲಿ ಬದುಕಿದವನು. ಚಿಕ್ಕಂದಿನಿಂದ ಕೇಳಿದ ಭಾಗ. ನಾನು ಬುಟ್ಟಿ ಇಟ್ಟದ್ದಿದೆ, ಆ ಮಾತು ಮಾತ್ರ ಒಂದು ದಿನವೂ ಹೇಳಿರಲಿಲ್ಲ.

ಆರಾಧನೆ ಮುಗಿದು ಕೋಟು ಹಾಕಿಕೊಳ್ಳುತ್ತಿದ್ದಾಗ ಆ ಚರ್ಚಿನ ಒಬ್ಬರು ಹಿರಿಯ ಹೆಂಗಸು, ಎಂಬತ್ತರ ಹತ್ತಿರ ಇರಬೇಕು, ಮರದ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ನೇರ ನನ್ನ ಹತ್ತಿರವೇ ಬಂದರು. ಆಲ್ಟರ್ ಮುಂದಿದ್ದದ್ದೇ. ಆಲೂಗಡ್ಡೆ, ಎರಡು ಕುಂಬಳಕಾಯಿ, ಮೇಲೊಂದು ಚೂಪು ತಲೆಯ ಕ್ಯಾಬೇಜ್. ಈ ಕ್ಯಾಬೇಜ್ ಇಲ್ಲಿನ ಫಿಲ್ಡರ್ ಬಯಲಿನ ವಿಶೇಷ. ದುಂಡಗೆ ಇರುವುದಿಲ್ಲ, ಗೋಪುರದ ಹಾಗೆ ಮೇಲಕ್ಕೆ ಚೂಪಾಗಿ ಹೋಗುತ್ತದೆ, ಒಂದೊಂದು ಮೂರು ನಾಲ್ಕು ಕಿಲೋ ತೂಗುತ್ತದೆ.

ನನ್ನ ಹೆಂಡತಿ ಅವರಿಗೆ ವಿಷಯ ಹೇಳಿದ್ದಾಳೆ ಅಂತ ಅರ್ಥವಾಯಿತು. ಮುಖ ಬಿಸಿಯಾಯಿತು. "ಬೇಡ, ಇದು ಟಾಫೆಲ್‌ಗೆ ಹೋಗಲಿ, ನಮಗಿಂತ ಕಷ್ಟದವರು ಇದ್ದಾರೆ" ಅಂದೆ. ನೋಡಿ, ಎಷ್ಟು ಚೆಂದದ ಮಾತು! ಅವರು ಪೆಟ್ಟಿಗೆ ಕೆಳಗಿಡಲಿಲ್ಲ. "ಟಾಫೆಲ್‌ನದ್ದು ಬೇರೆ ತೆಗೆದಿಟ್ಟಾಗಿದೆ. ಇದು ನಿಮಗೆ. ಬೇಗ ಹಿಡ್ಕೊಳ್ಳಿ, ಭಾರ ಇದೆ" ಅಂದರು. ಹಿಡಿದುಕೊಂಡೆ, ಮತ್ತೇನು ಮಾಡುವುದು.

ಬಸ್ ಸ್ಟಾಪಿನಲ್ಲಿ ನಾನು ಹೆಂಡತಿಯ ಜೊತೆ ಮಾತಾಡಲಿಲ್ಲ. ಯಾರಾದರೂ ಪರಿಚಯದವರು ಕಂಡರೆ ಅಂತ ಕ್ಯಾಬೇಜನ್ನು ಮಫ್ಲರ್‌ನಿಂದ ಮುಚ್ಚಿದೆ, ಚೂಪು ತುದಿ ಹೊರಗೇ ಇತ್ತು. ಆಗ ನೆನಪಾದದ್ದು ಆ ಉಮಿಯ ಲೋಟ. ಆಮೇಲೆ ಪೇತ್ರ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಟವೆಲ್ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯುವಾಗ ಪೇತ್ರ ಮಾತ್ರ ಕಾಲು ಹಿಂದೆ ಎಳೆದುಕೊಳ್ಳುತ್ತಾನೆ. ನಾನು ಅದನ್ನು ಯಾವಾಗಲೂ ಪೇತ್ರನ ವಿನಯ ಅಂತ ಓದುತ್ತಿದ್ದೆ. ಆ ದಿನ ಅದು ವಿನಯ ಅನಿಸಲಿಲ್ಲ. ತೊಳೆಯಲು ಬಿಡದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂತ ಗುರು ಅಷ್ಟು ಕಟ್ಟಾಗಿ ಯಾಕೆ ಹೇಳಿದ ಅಂತ ಆ ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಸ್ವಲ್ಪ ಹೊಳೆಯಿತು. ಬೇರೆಯವರ ಕಾಲು ತೊಳೆಯಲು ನಾನು ಯಾವತ್ತೂ ರೆಡಿ, ಎಲ್ಲರೂ ನೋಡುತ್ತಿದ್ದರೆ ಇನ್ನೂ ಜಾಸ್ತಿ ರೆಡಿ. ನನ್ನ ಕಾಲು ಚಾಚಬೇಕಾದಾಗ ಮಾತ್ರ ಶೂ ಬಿಚ್ಚಲು ಮನಸ್ಸಿಲ್ಲ.

ಮುಂದಿನ ಶನಿವಾರ ಮನೆಯಲ್ಲಿ ಏಲಂ. ಶುರುವಾಗುವ ಮೊದಲೇ ಹೇಳಿಬಿಟ್ಟೆ, ಕೆಲಸ ಹೋಗಿದೆ, ಈ ಸಲ ನಾನು ಸವಾಲು ಹಾಕುವುದಿಲ್ಲ ಅಂತ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಾಸನದ ಗೆಳೆಯನೊಬ್ಬ, "ಅಣ್ಣ, ನಂದು ಜೂನ್‌ನಲ್ಲೇ ಹೋಗಿತ್ತು. ನೀವು ಏನಂದುಕೊಳ್ತೀರೋ ಅಂತ ಹೇಳಲಿಲ್ಲ" ಅಂದ. ಇಬ್ಬರೂ ಒಂದೇ ಲೈಬ್ರರಿಯ ಬೇರೆ ಬೇರೆ ಮಹಡಿಯಲ್ಲಿ ಕೂರುತ್ತಿದ್ದೆವಂತೆ! ಎಲ್ಲರೂ ನಕ್ಕರು, ನನಗೆ ನಗು ತಡವಾಗಿ ಬಂತು. ಈ ಸಲ ಕೂಗಿದ್ದು ನನ್ನ ಮಗಳು. ಕ್ಯಾಬೇಜ್ 35 ಯೂರೋಗೆ ಹೋಯಿತು. ತೆಗೆದುಕೊಂಡವರು ಅದನ್ನು ನಮ್ಮ ಅಡುಗೆಮನೆಯಲ್ಲೇ ಬಿಟ್ಟು ಹೋದರು. ಹಿಂದಾದರೆ ಮೆಟ್ಟಿಲಿಳಿದು ಓಡಿ ಹೋಗಿ ಕೈಗೆ ಕೊಟ್ಟು ಬರುತ್ತಿದ್ದೆ. ಸುಮ್ಮನಿದ್ದೆ. ನಾಲ್ಕು ದಿನ ಪಲ್ಯ ಆಯಿತು, ಒಂದು ದಿನ ಅಂಬಡೆ (ವಡೆ), ಆಮೇಲೂ ಒಂದು ತುಂಡು ಫ್ರಿಜ್‌ನಲ್ಲಿತ್ತು.

ಪೆಟ್ಟಿಗೆ ವಾಪಸ್ ಕೊಡಬೇಕಿತ್ತು. ನಮ್ಮ ಕಡೆ ಯಾರದ್ದೇ ಪಾತ್ರೆ ಬಂದರೂ ಖಾಲಿ ಕಳಿಸುವ ಕ್ರಮ ಇಲ್ಲ, ಒಂದು ಮುಷ್ಟಿ ಸಕ್ಕರೆಯಾದರೂ ಹಾಕಿ ಕೊಡಬೇಕು. ನಾನು ಅಂಗಡಿಗೆ ಹೋಗಿ ಚಾಕೊಲೇಟ್, ಒಳ್ಳೆ ಜೇನು, ಹೂಗುಚ್ಛ ಅಂತೆಲ್ಲ ಪಟ್ಟಿ ಮಾಡುತ್ತಿದ್ದೆ. ಹೆಂಡತಿ ಆ ಚೀಟಿ ನೋಡಿ, "ಎಷ್ಟಾಗ್ತದೆ ಇದು? ಈ ಸಲ ಖಾಲಿಯೇ ಕೊಟ್ಟು ಬನ್ನಿ" ಅಂದಳು.

ಹೋದೆ. ಅವರು ಬಾಗಿಲು ತೆಗೆದು, ಪೆಟ್ಟಿಗೆ ತೆಗೆದುಕೊಂಡು, ತಲೆಕೆಳಗು ಮಾಡಿ ಮಣ್ಣು ಕೊಡವಿ, "ಒಳ್ಳೆಯದಾಯಿತು, ಸೇಬು ಕೊಯ್ಯಲು ಬೇಕಿತ್ತು" ಅಂದರು.