ಸೈನೈಡ್ ಗುಡ್ಡ ಹತ್ತಿ ಬಂದ್ವಿ, ಏನೂ ಆಗಲ್ಲ ಅಲ್ವಾ?

ನಾನು ನೀರು, ಮಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. ಕೆಜಿಎಫ್‌ಗೆ ಹೋಗಿರುತ್ತಾರೆ. ಬೂದು ಬಣ್ಣದ ಗುಡ್ಡದ ಮೇಲೆ ನಿಂತು ಫೋಟೋ ತೆಗೆಸಿಕೊಂಡಿರುತ್ತಾರೆ. ಊರಿಗೆ ಬಂದ ಮೇಲೆ ಹೆಸರು ನೆನಪಾಗಿ ಭಯ ಶುರು.

ಒಂದು ಸಲ ಹತ್ತಿ ಇಳಿದವರಿಗೆ ಸೈನೈಡ್‌ನಿಂದ ಏನೂ ಆಗಲ್ಲ. ಮಳೆಗೆ ಕೊರೆದ ಕೊರಕಲಿನಲ್ಲಿ ಜಾರಿ ಕಾಲು ಮುರಿದುಕೊಂಡರೆ ಅದು ಬೇರೆ. ಆದರೆ ನಿಮ್ಮ ಮನೆಯೇ ಗುಡ್ಡದ ಬುಡದಲ್ಲಿದ್ದರೆ ನಾನು ಇಷ್ಟು ಬೇಗ ಉತ್ತರ ಕೊಡುವುದಿಲ್ಲ.

ಅದು ಗುಡ್ಡವೇ ಅಲ್ಲ. ಗಣಿಯಿಂದ ತೆಗೆದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕೆಸರು. ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಗ್ರಾಂ ಲೆಕ್ಕದ ಚಿನ್ನ, ಮಿಕ್ಕಿದ್ದೆಲ್ಲ ಇಲ್ಲೇ ಬಿತ್ತು. 2001ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಇಂಥ 13 ರಾಶಿಗಳು, ಸುಮಾರು 3.3 ಕೋಟಿ ಟನ್.

ಸೈನೈಡ್ ಹೆಸರಿಗೆ ಭಯಂಕರ, ಬಾಳಿಕೆಯಲ್ಲಿ ಅಷ್ಟಕ್ಕಷ್ಟೇ. ಬಿಸಿಲು, ಗಾಳಿ, ಮಣ್ಣಿನ ಸೂಕ್ಷ್ಮಜೀವಿಗಳು ಸೇರಿ ಅದನ್ನು ಒಡೆದುಹಾಕುತ್ತವೆ. ಕಬ್ಬಿಣದ ಜೊತೆ ಗಟ್ಟಿಯಾಗಿ ಅಂಟಿಕೊಂಡದ್ದು ಮಾತ್ರ ಒಳಪದರದಲ್ಲಿ ಉಳಿಯಬಹುದು. ನನ್ನ ಚಿಂತೆ ಆರ್ಸೆನಿಕ್, ಸೀಸದಂಥವುಗಳದ್ದು. ಅವು ಅದಿರಿನ ಜೊತೆ ಮೇಲೆ ಬಂದವು, ಎಷ್ಟು ವರ್ಷ ಬಿಸಿಲಲ್ಲಿಟ್ಟರೂ ಒಡೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಧೂಳು. ಆ ಹಿಟ್ಟಿನಲ್ಲಿ ಬೆಣಚುಕಲ್ಲಿನ ಪಾಲು ದೊಡ್ಡದು. ಅದರ ತೀರಾ ನುಣ್ಣನೆಯ ಕಣ ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ಗಣಿಯೊಳಗೆ ದುಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತಂದದ್ದು ಇದೇ ಬೆಣಚುಕಲ್ಲಿನ ಧೂಳು.

ಹಾಗಾದರೆ ಅಪಾಯ ಎಷ್ಟು ಅಂತ ಅಳೆಯುವುದು ಹೇಗೆ? ರಾಶಿಯಿಂದ ಒಂದು ಹಿಡಿ ತಂದು ಲ್ಯಾಬಿಗೆ ಕೊಟ್ಟರೆ ಸಾಲದು. ಅಲ್ಲಿ ಜೋರಾದ ಆಸಿಡ್ ಹಾಕಿ ಪೂರ್ತಿ ಕರಗಿಸಿ 'ಇಷ್ಟು ಆರ್ಸೆನಿಕ್ ಇದೆ' ಅಂತ ಬರೆದುಕೊಡುತ್ತಾರೆ. ಮಳೆ ಆಸಿಡ್ ಅಲ್ಲವಲ್ಲ! ಅದಕ್ಕೇ ಅದೇ ಪುಡಿಯನ್ನು ಬರೀ ನೀರಿನಲ್ಲಿ ಗಂಟೆಗಟ್ಟಲೆ ಕುಲುಕಿ, ಎಷ್ಟು ಬಿಡುತ್ತದೆ ಅಂತಲೂ ನೋಡಬೇಕು. ಎರಡು ಅಂಕಿಗಳ ನಡುವೆ ಅಜಗಜಾಂತರ ಇರುತ್ತದೆ. ಪತ್ರಿಕೆಯ ತಲೆಬರಹಕ್ಕೆ ಹೋಗುವುದು ಯಾವಾಗಲೂ ದೊಡ್ಡದೇ.

ಯಾವಾಗ ಹೋಗುತ್ತೀರಿ ಅನ್ನುವುದೂ ಮುಖ್ಯ. ಬೇಸಿಗೆಯಲ್ಲಿ ಇಂಥ ರಾಶಿಗಳ ಮೇಲೆ ಬಿಳಿ ಉಪ್ಪಿನ ಹೆಕ್ಕಳೆ ಏಳುತ್ತದೆ. ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಬರುತ್ತದೆ. ಮೊದಲ ಮಳೆ ಅದನ್ನೇ ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಆ ದಿನದ ನೀರು ಹಿಡಿಯದೆ ಆಗಸ್ಟ್‌ನಲ್ಲಿ ಹೋಗಿ 'ಎಲ್ಲ ಸರಿಯಿದೆ' ಅಂದರೆ ನಾನು ನಂಬುವುದಿಲ್ಲ.

ಬಾಟಲಿ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಲೋಹಗಳನ್ನು ಅಳೆಯುವ ನೀರಿಗೆ ಒಂದಿಷ್ಟು ಆಸಿಡ್ ಹಾಕಬೇಕು. ಸೈನೈಡ್ ಅಳೆಯುವ ನೀರಿಗೆ ಕಾಸ್ಟಿಕ್ ಸೋಡ ಹಾಕಿ, ಕಪ್ಪು ಬಾಟಲಿಯಲ್ಲಿ, ಐಸ್ ಮೇಲೆ ಇಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಿಸಿಲಿನ ಅವಸರದಲ್ಲಿ ಎರಡಕ್ಕೂ ಆಸಿಡ್ ಹಾಕಿಬಿಟ್ಟೆ. ಆಸಿಡ್ ಬಿದ್ದರೆ ಸೈನೈಡ್ ಅನಿಲವಾಗಿ ಹಾರಿಹೋಗುತ್ತದೆ. ವರದಿ ಬಂತು: ಸೊನ್ನೆ. ಅದು ನೀರಿನ ಗುಣ ಅಲ್ಲ, ನನ್ನ ಎಡವಟ್ಟು. ಮೂಗಿಗೆ ಬಡಿಯದೆ ಹೋದದ್ದು ಪುಣ್ಯ.

ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಸೈನೈಡ್ 0.05. ಬೋರ್‌ವೆಲ್ ಇದನ್ನು ದಾಟಿದ ಕೂಡಲೇ ಗಣಿಯನ್ನು ಬೈಯುವ ಹಾಗೂ ಇಲ್ಲ. ಕಲ್ಲಿನಲ್ಲಿ ಚಿನ್ನ ಇರುವ ಕಡೆ ನೆಲದಲ್ಲೇ ಆರ್ಸೆನಿಕ್ ಜಾಸ್ತಿ ಇರಬಹುದು. ಅದಕ್ಕೆ ರಾಶಿಗಿಂತ ಎತ್ತರದ ಜಾಗದಲ್ಲಿರುವ, ಅದರ ನೀರು ತಾಗದ ಬಾವಿಯನ್ನೂ ಹೋಲಿಸಿ ನೋಡಬೇಕು. ಕೋಲಾರದ ಕಡೆ ಹಲ್ಲು ಕಂದುಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ 'ಇದೂ ಸೈನೈಡ್ ಸಾರ್' ಅನ್ನುವವರು ಸಿಗುತ್ತಾರೆ. ಅದು ಫ್ಲೋರೈಡ್, ಕಲ್ಲಿನಿಂದ ಬಂದದ್ದು. ಗಣಿಯೇ ಇಲ್ಲದ ತಾಲ್ಲೂಕುಗಳಲ್ಲೂ ಇದೆ.

ಕೊನೆಗೆ ಜನರ ಲೆಕ್ಕ. ವಿಷ ಇದ್ದರೂ ಅದು ಮನುಷ್ಯರವರೆಗೆ ಬರುವ ದಾರಿ ಬೇಕಲ್ಲ. ಧೂಳು ಅಳೆಯುವ ಮೀಟರ್ ಇಡುವ ಮೊದಲು ನಾನು ಮನೆಗಳಲ್ಲಿ ಬೀರುವಿನ ಮೇಲೆ ಬೆರಳಾಡಿಸುತ್ತೇನೆ. ಹಸು ಯಾವ ಗುಂಡಿಯಲ್ಲಿ ನೀರು ಕುಡಿಯುತ್ತದೆ, ಮಕ್ಕಳು ಎಲ್ಲಿ ಕ್ರಿಕೆಟ್ ಆಡುತ್ತಾರೆ, ಆಷಾಢದ ಗಾಳಿಗೆ ಯಾವ ಬೀದಿಯವರು ಕಿಟಕಿ ಮುಚ್ಚುತ್ತಾರೆ ಅಂತ ಕೇಳುತ್ತೇನೆ. ಅಲ್ಲಿನ ಅಜ್ಜಿಯರು ಹೇಳುವ ಗಾಳಿಯ ದಿಕ್ಕು ತಪ್ಪಿದ್ದು ಕಡಿಮೆ.

2024ರಲ್ಲಿ ರಾಜ್ಯ ಸಚಿವ ಸಂಪುಟ ಈ 13 ರಾಶಿಗಳನ್ನು ಉಳಿದ ಚಿನ್ನಕ್ಕಾಗಿ ಮತ್ತೆ ಅಗೆಯಲು ಒಪ್ಪಿಗೆ ಕೊಟ್ಟಿತು. ರಾಶಿ ಕರಗಿದರೆ ಒಳ್ಳೆಯದೇ. ಆದರೆ ಇಷ್ಟು ವರ್ಷ ಮಲಗಿದ್ದ ಹಿಟ್ಟನ್ನು ಕೆದಕಿದರೆ ಅದು ಮೇಲೇಳುತ್ತದೆ. ಸುತ್ತಲಿನ ಬೋರ್‌ವೆಲ್‌ಗಳ ನೀರು, ಬೀರುಗಳ ಮೇಲಿನ ಧೂಳು, ಎರಡನ್ನೂ ಜೆಸಿಬಿ ಬರುವ ಮೊದಲೇ ಅಳೆದಿಟ್ಟುಕೊಳ್ಳಬೇಕು. ಆಮೇಲೆ ಅಳೆದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.